ಚುಕ್ಕೆ ತಪ್ಪು ಜಾಗದಲ್ಲಿ ಕೂತರೆ: ಸಿಆರ್‌ಟಿ ಪ್ರಯೋಗದ ದೋಷ ಹುಡುಕುವ ಕೈಪಿಡಿ

"ಸಾ, ಎಷ್ಟ್ ಸಲ ಮಾಡುದ್ರೂ 1.2 ಬತ್ತದೆ."

ಜುಲೈ ತಿಂಗಳ ಮಧ್ಯಾಹ್ನ. ಹೊರಗೆ ಜಿಟಿಜಿಟಿ ಮಳೆ. ಮಂಡ್ಯದ ನಮ್ಮ ಡಿಗ್ರಿ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಹುಡುಗನೊಬ್ಬ ರೆಕಾರ್ಡ್ ಬುಕ್ ಹಿಡಿದು ನನ್ನ ಟೇಬಲ್ ಮುಂದೆ ನಿಂತಿದ್ದ. ಪ್ರಯೋಗ ಎಲ್ಲರಿಗೂ ಗೊತ್ತಿರೋದೇ. ಸಿಆರ್‌ಟಿ (ಕ್ಯಾಥೋಡ್ ರೇ ಟ್ಯೂಬ್) ಒಳಗೆ ಎಲೆಕ್ಟ್ರಾನ್ ಕಿರಣ ಹಾಯುತ್ತದೆ, ಪರದೆಗೆ ಬಡಿದ ಕಡೆ ಚುಕ್ಕೆ ಹೊಳೆಯುತ್ತದೆ. ಎರಡು ಪ್ಲೇಟುಗಳ ನಡುವಿನ ವಿದ್ಯುತ್ ಕ್ಷೇತ್ರ ಅದನ್ನು ಬಾಗಿಸುತ್ತದೆ. ಅಕ್ಕಪಕ್ಕ ದಂಡಕಾಂತ ಇಟ್ಟು ಚುಕ್ಕೆಯನ್ನು ವಾಪಸ್ ತರುತ್ತೇವೆ. ಲೆಕ್ಕ ಮಾಡಿದರೆ ಎಲೆಕ್ಟ್ರಾನಿನ ಆವೇಶಕ್ಕೂ ದ್ರವ್ಯರಾಶಿಗೂ ಇರುವ ಅನುಪಾತ, ಅಂದರೆ ಇ ಬೈ ಎಂ, ಸಿಗಬೇಕು. ಪುಸ್ತಕದ ಬೆಲೆ 1.76 × 10¹¹ ಕೂಲಂಬ್ ಪ್ರತಿ ಕಿಲೋಗ್ರಾಂ. ಇವನಿಗೆ 1.2 ಬಂದಿತ್ತು. ಪಕ್ಕದ ಹುಡುಗಿಗೆ 1.18. ಇನ್ನೊಬ್ಬನಿಗೆ ಮಾತ್ರ ಸರಿಯಾಗಿ 1.75. ಅವನ ರೀಡಿಂಗ್ ನೋಡಿದೆ, ಉತ್ತರದಿಂದ ಹಿಂದಕ್ಕೆ ಬರೆದಿದ್ದ. ಅವನ ವಿಷಯ ಇಲ್ಲಿ ಬೇಡ.

ಪ್ರತಿ ಸಲವೂ ಒಂದೇ ತಪ್ಪು ಉತ್ತರ ಬರುತ್ತಿದೆ ಅಂದರೆ ನನಗಂತೂ ಖುಷಿ. ಒಮ್ಮೆ 1.2, ಒಮ್ಮೆ 2.3, ಮತ್ತೊಮ್ಮೆ 1.6 ಅಂತ ಕುಣಿಯುವ ಯಂತ್ರದ ಜೊತೆ ಏಗೋದು ಕಷ್ಟ. ಒಂದೇ ಕಡೆ ಕೂತಿರುವ ತಪ್ಪನ್ನು ಕೂತ ಜಾಗದಲ್ಲೇ ಹಿಡಿಯಬಹುದು. ಆ ವಾರ ನಾವು ಹಿಡಿದದ್ದು ಹೇಗೆ ಅಂತ ಬರೆಯುತ್ತಿದ್ದೇನೆ. ದಾರಿಯಲ್ಲಿ ಸಿಗುವ ಬೇರೆ ದೋಷಗಳನ್ನೂ ಸೇರಿಸಿದ್ದೇನೆ.

ಮೊದಲು, ಎಷ್ಟು ಬಾಗಬೇಕು ಅಂತ ಗೊತ್ತಿರಲಿ

ದೋಷ ಹುಡುಕಲು ಹೊರಡುವ ಮುಂಚೆ ದೋಷ ಇಲ್ಲದಿದ್ದರೆ ಏನಾಗಬೇಕಿತ್ತು ಅನ್ನೋದು ಕೈಯಲ್ಲಿರಬೇಕು. ನಮ್ಮ ಟ್ಯೂಬಿನ ಅಳತೆ ಹೀಗಿದೆ. ಪ್ಲೇಟಿನ ಉದ್ದ 2 ಸೆಂ.ಮೀ. ಪ್ಲೇಟುಗಳ ನಡುವಿನ ಅಂತರ ಅರ್ಧ ಸೆಂ.ಮೀ. ಪ್ಲೇಟುಗಳ ಮಧ್ಯಭಾಗದಿಂದ ಪರದೆಗೆ 16 ಸೆಂ.ಮೀ. ಎಲೆಕ್ಟ್ರಾನನ್ನು ಓಡಿಸುವ ಆನೋಡ್ ವೋಲ್ಟೇಜ್ 1000.

1000 ವೋಲ್ಟ್ ದಾಟಿ ಬಂದ ಎಲೆಕ್ಟ್ರಾನಿನ ವೇಗ ಸೆಕೆಂಡಿಗೆ ಸುಮಾರು 1.88 × 10⁷ ಮೀಟರ್, ಅಂದರೆ ಬೆಳಕಿನ ವೇಗದ ಶೇಕಡ 6ರಷ್ಟು. ಪ್ಲೇಟುಗಳಿಗೆ 20 ವೋಲ್ಟ್ ಕೊಟ್ಟರೆ ನಡುವಿನ ಕ್ಷೇತ್ರ ಮೀಟರಿಗೆ 4000 ವೋಲ್ಟ್. ಕ್ಷೇತ್ರ ಎಲ್ಲ ಕಡೆ ಒಂದೇ ಸಮ ಇರೋದರಿಂದ ಬಲವೂ ಒಂದೇ ಸಮ. ವೇಗೋತ್ಕರ್ಷ 7 × 10¹⁴ ಮೀಟರ್ ಪ್ರತಿ ಸೆಕೆಂಡ್ ವರ್ಗಕ್ಕೆ. ಗುರುತ್ವದ 9.8 ಇದರ ಮುಂದೆ ಲೆಕ್ಕಕ್ಕೇ ಇಲ್ಲ. ಚುಕ್ಕೆ ಕೆಳಗೆ ಕೂತಿದ್ದರೆ "ಗ್ರಾವಿಟಿ ಸಾರ್" ಅನ್ನುವವರು ವರ್ಷಕ್ಕೊಬ್ಬರಾದರೂ ಸಿಗುತ್ತಾರೆ, ಅದಕ್ಕೆ ಹೇಳಿದೆ.

ಪ್ಲೇಟುಗಳ ನಡುವೆ ಎಲೆಕ್ಟ್ರಾನ್ ಇರೋದು ಬರೀ 1 ನ್ಯಾನೋಸೆಕೆಂಡ್. ಅಷ್ಟರಲ್ಲಿ ಅದು ಅಡ್ಡಕ್ಕೆ ಸರಿಯುವುದು 0.4 ಮಿ.ಮೀ. ಪ್ಲೇಟು ಇರುವವರೆಗೆ ದಾರಿ ಪರವಲಯ, ಎಸೆದ ಕಲ್ಲಿನ ಹಾಗೆ. ಪ್ಲೇಟು ದಾಟಿದ ಮೇಲೆ ಬಲ ಇಲ್ಲ, ನೇರ ಗೆರೆ. ಆ ಓರೆ ಗೆರೆಯೇ ಪರದೆ ಮುಟ್ಟುವಷ್ಟರಲ್ಲಿ ಚುಕ್ಕೆಯನ್ನು 6.4 ಮಿ.ಮೀ. ದೂರ ತಂದಿರುತ್ತದೆ. ಪರವಲಯದ ಸೂತ್ರ ಮಾತ್ರ ಹಾಕಿ ನಿಲ್ಲಿಸಿದವರಿಗೆ 0.4 ಬರುತ್ತದೆ, ಹದಿನಾರು ಪಟ್ಟು ಕಮ್ಮಿ. ದೂರವನ್ನು ಪ್ಲೇಟಿನ ಮಧ್ಯದಿಂದ ಅಳೆಯದೆ ಪರದೆ ಕಡೆಯ ಅಂಚಿನಿಂದ ಅಳೆದವರಿಗೆ ಶೇಕಡ 6 ಕಮ್ಮಿ. ಇವೆರಡು ಯಂತ್ರದ ದೋಷ ಅಲ್ಲ, ಆದರೂ ನನ್ನ ಹತ್ತಿರ ಬರುವ ದೂರುಗಳಲ್ಲಿ ಅರ್ಧ ಇವೇ.

ಒಟ್ಟು ಲೆಕ್ಕ ಒಂದೇ ಸಾಲಿನಲ್ಲಿ:

ಚುಕ್ಕೆ ಸರಿಯುವ ದೂರ = (ಪ್ಲೇಟಿನ ವೋಲ್ಟೇಜ್ × ಪ್ಲೇಟಿನ ಉದ್ದ × ಪರದೆಯ ದೂರ) ÷ (2 × ಪ್ಲೇಟುಗಳ ಅಂತರ × ಆನೋಡ್ ವೋಲ್ಟೇಜ್)

ಈ ಸಾಲನ್ನು ಇನ್ನೊಂದು ಸಲ ಓದಿ. ಇದರಲ್ಲಿ ಎಲೆಕ್ಟ್ರಾನೇ ಇಲ್ಲ! ಆವೇಶ ಇಲ್ಲ, ದ್ರವ್ಯರಾಶಿ ಇಲ್ಲ. ಎರಡು ವೋಲ್ಟೇಜು, ಮೂರು ಉದ್ದ, ಅಷ್ಟೇ. ಆನೋಡಿನ ವೋಲ್ಟೇಜು ಕಣವನ್ನು ಓಡಿಸುವಾಗಲೂ ಅದೇ ಇ ಬೈ ಎಂ, ಪ್ಲೇಟು ಬಾಗಿಸುವಾಗಲೂ ಅದೇ ಇ ಬೈ ಎಂ. ಎರಡೂ ಹೊಡೆದು ಹೋಗುತ್ತವೆ. ಅದೇ ವೋಲ್ಟೇಜಿನಲ್ಲಿ ಹೊರಟ ಭಾರದ ಋಣ ಅಯಾನು ಕೂಡ ಅದೇ ಜಾಗಕ್ಕೆ ಬಂದು ಬೀಳುತ್ತದೆ. ಹಳೇ ಟಿವಿ ಟ್ಯೂಬುಗಳಲ್ಲಿ ಕಿರಣವನ್ನು ಕಾಂತದಿಂದ ಬಾಗಿಸುತ್ತಿದ್ದರು. ಭಾರದ ಅಯಾನುಗಳು ಬಾಗದೆ ನೇರ ಹೋಗಿ ಪರದೆಯ ನಡುಭಾಗವನ್ನು ಸುಡುತ್ತಿದ್ದವು. ಪ್ಲೇಟಿನಿಂದ ಬಾಗಿಸುವ ಟ್ಯೂಬಿಗೆ ಆ ಕಾಟ ಇರಲಿಲ್ಲ. ಕಾರಣ ಇದೇ ಸಾಲು.

ದೋಷ ಹುಡುಕುವವನಿಗೆ ಇದು ದೊಡ್ಡ ಅನುಕೂಲ. ಕಾಂತಗಳನ್ನೆಲ್ಲ ಪಕ್ಕದ ರೂಮಿಗೆ ಕಳಿಸಿ. ವಿದ್ಯುತ್ ಭಾಗವನ್ನು ಮಾತ್ರ ಮೊದಲು ಪರೀಕ್ಷೆ ಮಾಡಿ. 20 ವೋಲ್ಟಿಗೆ 6.4 ಮಿ.ಮೀ. ಬಂತೋ, ಆ ಅರ್ಧ ಸರಿ ಇದೆ, ಕಾಂತದ ಕಡೆ ಹೋಗಿ. ಬರಲಿಲ್ಲವೋ, ವೋಲ್ಟೇಜು ಅಥವಾ ಉದ್ದದಲ್ಲಿ ತಪ್ಪಿದೆ, ಇಲ್ಲವೇ ನಮಗೆ ಗೊತ್ತಿಲ್ಲದ ಇನ್ನೊಂದು ಬಲ ಒಳಗೆ ನುಗ್ಗಿದೆ. ಪೂರ್ತಿ ಪ್ರಯೋಗ ಮಾಡಿ ಕೊನೆಯ ಉತ್ತರ ನೋಡಿಕೊಂಡು ತಲೆ ಕೆರೆದುಕೊಳ್ಳೋದು ಸುಮ್ನೆ ದಂಡ.

ಡಬ್ಬ ಬಿಚ್ಚುವ ಮುಂಚೆ

ಒಳಗೆ 1000 ವೋಲ್ಟ್ ಇದೆ. ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಪ್ಲಗ್ ಕಿತ್ತು, ಐದು ನಿಮಿಷ ಕಾದು, ಇನ್ಸುಲೇಷನ್ ಇರುವ ತಂತಿಯಲ್ಲಿ ದೊಡ್ಡ ವ್ಯಾಟಿನ ರೆಸಿಸ್ಟರ್ ಕಟ್ಟಿ ಕೆಪಾಸಿಟರನ್ನು ಖಾಲಿ ಮಾಡಿ. ಖಾಲಿ ಆಗಿದೆಯಾ ಅಂತ ಮೀಟರಿನಲ್ಲಿ ನೋಡಿ. ಚಾಲೂ ಇರುವಾಗ ಅಳೆಯಲೇಬೇಕಾದರೆ ಹೈ ವೋಲ್ಟೇಜ್ ಪ್ರೋಬ್ ಬೇಕು, ಒಂದು ಕೈ ಪ್ಯಾಂಟಿನ ಜೇಬಿನಲ್ಲಿರಬೇಕು. ವಿದ್ಯಾರ್ಥಿಗಳು ಈ ಕೆಲಸಕ್ಕೆ ಕೈ ಹಾಕಬಾರದು. ಇದರಲ್ಲಿ ರಿಯಾಯಿತಿ ಇಲ್ಲ.

ಅಳೆಯುವಾಗ ಮೋಸ ಮಾಡುವ ಒಂದು ಸಂಗತಿ ಇದೆ. ಸಾಮಾನ್ಯವಾಗಿ ಇಂಥ ಟ್ಯೂಬಿನಲ್ಲಿ ಆನೋಡನ್ನು ಭೂಮಿಯ ವೋಲ್ಟೇಜಿನ ಹತ್ತಿರ ಇಟ್ಟು, ಎಲೆಕ್ಟ್ರಾನ್ ಹೊರಡುವ ಕ್ಯಾಥೋಡನ್ನು ಮೈನಸ್ 1000ಕ್ಕೆ ಇಳಿಸಿರುತ್ತಾರೆ. ಹಾಗೆ ಮಾಡಿದರೆ ಬಾಗಿಸುವ ಪ್ಲೇಟುಗಳೂ ಭೂಮಿಯ ಹತ್ತಿರವೇ ಇರುತ್ತವೆ, ಕೈ ಆಡುವ ಕಡೆ ಅಪಾಯ ಕಮ್ಮಿ. ಇದು ಗೊತ್ತಿಲ್ಲದೆ ಆನೋಡಿಗೂ ಡಬ್ಬಕ್ಕೂ ಮೀಟರ್ ಹಿಡಿದರೆ ಸೊನ್ನೆ ತೋರಿಸುತ್ತದೆ. "ಹೈ ವೋಲ್ಟೇಜ್ ಸತ್ತೋಗಿದೆ" ಅಂತ ಹೊಸದಾಗಿ ಬಂದ ಒಬ್ಬರು ಟ್ರಾನ್ಸ್‌ಫಾರ್ಮರನ್ನೇ ಬದಲಾಯಿಸಿದ್ದನ್ನು ನಾನು ಕಂಡಿದ್ದೇನೆ. ಹೊಸ ಟ್ರಾನ್ಸ್‌ಫಾರ್ಮರ್ ಹಾಕಿದ ಮೇಲೂ ಸೊನ್ನೆಯೇ ಬಂತು ಅನ್ನೋದನ್ನು ಬೇರೆ ಹೇಳಬೇಕಾಗಿಲ್ಲ. ಅಳೆಯಬೇಕಾದ್ದು ಕ್ಯಾಥೋಡಿನಿಂದ ಆನೋಡಿಗೆ.

ಎರಡೂ ಕಡೆ ಬಾಗಿಸಿ ನೋಡಿ

ನಮ್ಮ ಕತೆಗೆ ಬರೋಣ. ಕಾಂತ ತೆಗೆದೆವು. ಮೇಲಿನ ಪ್ಲೇಟು ಪ್ಲಸ್ ಆಗುವ ಹಾಗೆ 20 ವೋಲ್ಟ್ ಕೊಟ್ಟೆವು. ಎಲೆಕ್ಟ್ರಾನ್ ಋಣ ಆವೇಶದ್ದು, ಪ್ಲಸ್ ಕಡೆಗೇ ಹೋಗಬೇಕು. ಹೋಯಿತು. ಆದರೆ ಪರದೆಯ ನಡುವಿನ ಅಡ್ಡಗುರುತಿನಿಂದ 10 ಮಿ.ಮೀ. ಮೇಲೆ ಹೋಗಿ ಕೂತಿತು. 6.4 ಬರಬೇಕಾದ ಕಡೆ 10.

ಇಲ್ಲಿ ಹೆಚ್ಚಿನವರು ಆನೋಡ್ ವೋಲ್ಟೇಜಿನ ಮೇಲೆ ಗುಮಾನಿ ಪಡುತ್ತಾರೆ. ಸ್ವಲ್ಪ ತಾಳಿ. ಸ್ವಿಚ್ ತಿರುಗಿಸಿ ಪ್ಲಸ್ ಮೈನಸ್ ಅದಲು ಬದಲು ಮಾಡಿ. ನಾವು ಮಾಡಿದಾಗ ಚುಕ್ಕೆ ಗುರುತಿನಿಂದ 3 ಮಿ.ಮೀ. ಮಾತ್ರ ಕೆಳಗೆ ಬಂತು.

10 ಮತ್ತು 3 ಕೂಡಿದರೆ 13, ಅರ್ಧ 6.5. ಅಲ್ಲಿಗೆ ವಿದ್ಯುತ್ ಕ್ಷೇತ್ರ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ! ಆನೋಡ್ ವೋಲ್ಟೇಜು ಸರಿ, ಉದ್ದಗಳು ಸರಿ. 10ರಿಂದ 3 ಕಳೆದು ಅರ್ಧ ಮಾಡಿದರೆ 3.5. ಯಾವುದೋ ಒಂದು ಬಲ ಚುಕ್ಕೆಯನ್ನು ಯಾವಾಗಲೂ 3.5 ಮಿ.ಮೀ. ಮೇಲಕ್ಕೆ ಎತ್ತಿ ಹಿಡಿದಿದೆ. ನಾವು ಕೊಡುವ ವೋಲ್ಟೇಜು ಯಾವ ಕಡೆಗಿದ್ದರೂ ಅದಕ್ಕೆ ಚಿಂತೆ ಇಲ್ಲ.

ಹುಡುಗರ ರೆಕಾರ್ಡಿನಲ್ಲಿ ಎರಡೂ ದಿಕ್ಕಿನ ಕಾಲಂ ಇತ್ತು. ಎರಡರಲ್ಲೂ 10 ಅಂತಲೇ ಬರೆದಿದ್ದರು. ಕೇಳಿದರೆ, "ಆ ಕಡೇದೂ ಅಷ್ಟೇ ಅಲ್ವಾ ಸಾ?" ಅದೊಂದು ಕಾಲಂ ನಿಜವಾಗಿ ತುಂಬಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಇನ್ನು 1.2 ಯಾಕೆ ಬಂತು ಅನ್ನೋದೂ ಬಿಡಿಸಿಕೊಂಡಿತು. ಅವರು ಅಡ್ಡಗುರುತನ್ನೇ ಸೊನ್ನೆ ಅಂದುಕೊಂಡರು. ಕಾಂತದಿಂದ ಚುಕ್ಕೆಯನ್ನು 6.5 ಮಿ.ಮೀ. ಇಳಿಸಿದ್ದರೆ ಸಾಕಿತ್ತು, 10 ಮಿ.ಮೀ. ಇಳಿಸಿದರು. ಇ ಬೈ ಎಂ ಸೂತ್ರದಲ್ಲಿ ಚುಕ್ಕೆಯ ದೂರ ಮೇಲಿದೆ, ಕಾಂತಕ್ಷೇತ್ರದ ವರ್ಗ ಕೆಳಗಿದೆ. ಮೇಲಿನದು ಒಂದೂವರೆ ಪಟ್ಟು ಹೆಚ್ಚಾಯಿತು, ಕೆಳಗಿನದು ಅದರ ವರ್ಗದಷ್ಟು. ಒಟ್ಟಿನಲ್ಲಿ ಉತ್ತರ ಒಂದೂವರೆ ಪಟ್ಟು ಇಳಿಯಿತು.

ಎತ್ತಿ ಹಿಡಿದವರು ಯಾರು?

ಒಂದೇ ಸಮ ಪಕ್ಕಕ್ಕೆ ತಳ್ಳುವವರು ಮೂವರು ಇರಬಹುದು. ಟ್ಯೂಬಿನೊಳಗೆ ಎಲೆಕ್ಟ್ರಾನ್ ಕಿರಣ ಬಿಡುವ ಗನ್ನೇ ಓರೆಯಾಗಿ ಕೂತಿರಬಹುದು. ಹೊರಗಿನ ಕಾಂತಕ್ಷೇತ್ರ ಇರಬಹುದು. ಪ್ಲೇಟಿನ ಮೇಲೆ ನಾವು ಕೊಡದ ವೋಲ್ಟೇಜು ಇರಬಹುದು. ಗನ್ ಓರೆ ಇದ್ದರೆ ಏನೂ ಮಾಡೋಕಾಗಲ್ಲ, ಅದು ಗಾಜಿನ ಒಳಗಿದೆ. ಹಾಗಾಗಿ ಎಲ್ಲರೂ ಮೊದಲು "ಟ್ಯೂಬು ಹಳೇದಾಯ್ತು" ಅಂದುಬಿಡುತ್ತಾರೆ. ನಾನು ಅದನ್ನು ಕೊನೆಗೆ ಇಡುತ್ತೇನೆ.

ಕಾಂತದ ಗುಮಾನಿ ಕಳೆಯೋದು ಸುಲಭ. ಇಡೀ ಡಬ್ಬವನ್ನು ತಿರುಗಿಸಿ. ಮೈಸೂರು ಮಂಡ್ಯ ಕಡೆ ಭೂಮಿಯ ಕಾಂತಕ್ಷೇತ್ರದ ಸಮತಲ ಭಾಗ ಸುಮಾರು 40 ಮೈಕ್ರೋಟೆಸ್ಲಾ. ಕೇಳೋಕೆ ಏನೂ ಅಲ್ಲ ಅನ್ನಿಸುತ್ತೆ. ಆದರೆ 1000 ವೋಲ್ಟಿನ ಎಲೆಕ್ಟ್ರಾನ್ ಅದಕ್ಕೆ ಅಡ್ಡಲಾಗಿ ಹೋದರೆ ಸುಮಾರು 2.7 ಮೀಟರ್ ತ್ರಿಜ್ಯದ ವೃತ್ತದಲ್ಲಿ ಬಾಗುತ್ತದೆ. ಗನ್ನಿನಿಂದ ಪರದೆವರೆಗಿನ 20 ಸೆಂ.ಮೀ. ದಾರಿಯಲ್ಲಿ ಅದು 7 ಮಿ.ಮೀ.ಗೂ ಜಾಸ್ತಿ. ನಾವು ಅಳೆಯಲು ಹೊರಟಿದ್ದಕ್ಕಿಂತ ದೊಡ್ಡದು! ಆಸಿಲೋಸ್ಕೋಪಿನಲ್ಲಿ ಟ್ಯೂಬಿನ ಸುತ್ತ ಹೊರಗಿನ ಕಾಂತಕ್ಷೇತ್ರ ತಡೆಯುವ ಮ್ಯೂ ಮೆಟಲ್ ಕವಚ ಇರುತ್ತದೆ. ಈ ಪ್ರಯೋಗದ ಟ್ಯೂಬಿಗೆ ಅದನ್ನು ಹಾಕುವಂತಿಲ್ಲ, ಹಾಕಿದರೆ ನಮ್ಮ ದಂಡಕಾಂತದ ಆಟವೂ ನಡೆಯಲ್ಲ. ಅದಕ್ಕೇ ಟ್ಯೂಬನ್ನು ಉತ್ತರ ದಕ್ಷಿಣವಾಗಿ ಇಡೋದು. ಆಗ ಕಿರಣವೂ ಕ್ಷೇತ್ರವೂ ಒಂದೇ ಗೆರೆಯಲ್ಲಿರುತ್ತವೆ, ಬಾಗುವ ಪ್ರಶ್ನೆ ಇಲ್ಲ. ಗೋಡೆ ನೋಡಿ, ಬೆಂಚಿನ ಅಂಚು ನೋಡಿ ಇಡಬೇಡಿ. ಕಟ್ಟಡ ಕಟ್ಟಿದವರು ದಿಕ್ಸೂಚಿ ಹಿಡಿದು ಪಾಯ ಹಾಕಿರಲ್ಲ.

ಈ ವಿಷಯದಲ್ಲಿ ನಾವು ಪುಣ್ಯವಂತರು. ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಹತ್ತಿರ ಹಾದು ಹೋಗುತ್ತದೆ. ನಮ್ಮ ಕಡೆ ಕ್ಷೇತ್ರ ಹೆಚ್ಚುಕಮ್ಮಿ ನೆಲಕ್ಕೆ ಸಮನಾಗಿ ಮಲಗಿದೆ. ದೆಹಲಿಯಲ್ಲಿ ಅದು 40 ಡಿಗ್ರಿಗೂ ಜಾಸ್ತಿ ಕೆಳಮುಖವಾಗಿರುತ್ತದೆ, ಟ್ಯೂಬನ್ನು ಉತ್ತರಕ್ಕೆ ಇಟ್ಟರೂ ಚುಕ್ಕೆ ಅಡ್ಡಕ್ಕೆ ಓಡುತ್ತದೆ. ಇದರ ಜೊತೆಗೊಂದು ಎಚ್ಚರಿಕೆ. ದಂಡಕಾಂತದ ಕ್ಷೇತ್ರವನ್ನು ಭೂಮಿಯ ಸಮತಲ ಕ್ಷೇತ್ರಕ್ಕೆ ಹೋಲಿಸಿಯೇ ಲೆಕ್ಕ ಹಾಕುತ್ತೇವೆ. ಕಿಟ್ ಜೊತೆ ಬರುವ ಕಾಗದದಲ್ಲಿ ಉತ್ತರ ಭಾರತದ ಸಮತಲ ಕ್ಷೇತ್ರ, ಅಂದರೆ 35 ಮೈಕ್ರೋಟೆಸ್ಲಾ ಆಸುಪಾಸಿನ ಬೆಲೆ ಅಚ್ಚಾಗಿರಬಹುದು. ಅದನ್ನೇ ಇಲ್ಲಿ ಹಾಕಿಕೊಂಡರೆ, ವರ್ಗ ಆಗೋದರಿಂದ, ಇ ಬೈ ಎಂ ಶೇಕಡ 30ರಷ್ಟು ಮೇಲೆ ಹೋಗುತ್ತದೆ. 2.3 ಬರುತ್ತಿದೆ ಅನ್ನುವವರು ಮೊದಲು ಆ ಕಾಗದ ನೋಡಿ.

ನಮ್ಮ ಡಬ್ಬ ಉತ್ತರಕ್ಕೆ ಸರಿಯಾಗಿಯೇ ಇತ್ತು. ಪ್ಲೇಟಿಗೆ ಸೊನ್ನೆ ವೋಲ್ಟ್ ಕೊಟ್ಟು ಸುಮ್ನೆ ತಿರುಗಿಸಿ ನೋಡಿದೆವು. ಪರದೆಯನ್ನು ಪೂರ್ವಕ್ಕೆ ತಿರುಗಿಸಿದಾಗ ಚುಕ್ಕೆ ಗುರುತಿನಿಂದ 3.5 ಮಿ.ಮೀ. ಕೆಳಗೆ. ಪಶ್ಚಿಮಕ್ಕೆ ತಿರುಗಿಸಿದಾಗ 10.5 ಮೇಲೆ. ಎರಡರ ನಡುವೆ 14, ಅರ್ಧ 7. ಅದು ಭೂಮಿಯ ಪಾಲು, ಲೆಕ್ಕಕ್ಕೆ ಸರಿಯಾಗಿ ಬಂತು. ಎರಡರ ಸರಾಸರಿ ಮತ್ತೆ ಅದೇ 3.5 ಮೇಲೆ. ಹೇಗೆ ತಿರುಗಿಸಿದರೂ ಅದು ಡಬ್ಬದ ಜೊತೆಗೇ ತಿರುಗುತ್ತಿದೆ. ಭೂಮಿ ನಿರಪರಾಧಿ. ಪಕ್ಕದ ಕಬ್ಬಿಣದ ಬೀರುವೂ ನಿರಪರಾಧಿ.

ಉಳಿದದ್ದು ಇಬ್ಬರು, ಓರೆ ಗನ್ನು ಮತ್ತು ಕಳ್ಳ ವೋಲ್ಟೇಜು. ಇವರನ್ನು ಬೇರೆ ಮಾಡಲು ನನಗೆ ಬಲು ಇಷ್ಟವಾದ ಪರೀಕ್ಷೆ ಒಂದಿದೆ. ಆನೋಡ್ ವೋಲ್ಟೇಜು ಬದಲಾಯಿಸೋದು. ವಿದ್ಯುತ್ ಕ್ಷೇತ್ರದ ಬಾಗು ಆನೋಡ್ ವೋಲ್ಟೇಜಿಗೆ ವಿಲೋಮವಾಗಿ ಇಳಿಯುತ್ತದೆ. ಕಾಂತದ ಬಾಗು ಅದರ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ. ಗನ್ ಓರೆ ಇದ್ದರೆ ಅದು ಬರೀ ಕೋನ, ವೋಲ್ಟೇಜು ಏನಾದರೂ ಆಗಲಿ ಚುಕ್ಕೆ ಅಲ್ಲೇ ಕೂತಿರುತ್ತದೆ. ಮೂವರ ನಡಿಗೆಯೂ ಬೇರೆ ಬೇರೆ. 1000 ವೋಲ್ಟಿನಲ್ಲಿ 3.5 ಇದ್ದದ್ದು 800ರಲ್ಲಿ ಎಷ್ಟಾಗಬೇಕು? ವಿದ್ಯುತ್ ಆದರೆ 4.4, ಕಾಂತ ಆದರೆ 3.9, ಗನ್ ಆದರೆ 3.5. ಅದೇ 1200ರಲ್ಲಿ 2.9, 3.2, 3.5.

ಇದು ಕಾಗದದ ಮೇಲೆ ಚೆಂದ. ಚುಕ್ಕೆಯ ಗಾತ್ರವೇ 1 ಮಿ.ಮೀ. ಇರುವಾಗ ಅರ್ಧ ಮಿಲಿಮೀಟರ್ ಓದೋದು ಸುಲಭ ಅಲ್ಲ. ವೋಲ್ಟೇಜು ಬದಲಾದ ಕೂಡಲೇ ಫೋಕಸ್ ಕೂಡ ಕೆಡುತ್ತದೆ, ಮತ್ತೆ ಸರಿ ಮಾಡಬೇಕು. ಪರದೆಗೆ ಪಾರದರ್ಶಕ ಗ್ರಾಫ್ ಹಾಳೆ ಅಂಟಿಸಿ, ಇಂಟೆನ್ಸಿಟಿ ಕಮ್ಮಿ ಮಾಡಿ ಚುಕ್ಕೆಯನ್ನು ಸಣ್ಣದು ಮಾಡಿಕೊಂಡು, ಒಂದೇ ಕಣ್ಣಿನಲ್ಲಿ ನೇರಕ್ಕೆ ನೋಡಿದೆವು. 800ರಲ್ಲಿ 4.5, 1200ರಲ್ಲಿ 3. ಗನ್ ಅಲ್ಲ. ಪ್ಲೇಟಿನ ಮೇಲೆ ಎಲ್ಲಿಂದಲೋ ಬಂದ ವೋಲ್ಟೇಜು ಇದೆ.

ಎಷ್ಟು ವೋಲ್ಟು? 20ಕ್ಕೆ 6.4 ಮಿ.ಮೀ. ಅಂದರೆ 3.5ಕ್ಕೆ ಸುಮಾರು 11.

ಮಳೆಗಾಲದ 11 ವೋಲ್ಟು

ಮುಂದಿನ ಕವಾಯತು ಅರ್ಧಗಂಟೆಯದು. ಮುಂದಿನ ಪ್ಯಾನಲಿನಲ್ಲಿ, ನಾಬಿನ ಹತ್ತಿರ, ಎರಡು ಪ್ಲೇಟಿನ ತಂತಿಗಳನ್ನು ಶಾರ್ಟ್ ಮಾಡಿದೆ. ಚುಕ್ಕೆ ಜಗ್ಗಲಿಲ್ಲ. ಆಫ್ ಮಾಡಿ, ಖಾಲಿ ಮಾಡಿ, ಟ್ಯೂಬಿನ ಹಿಂದಿನ ಸಾಕೆಟಿನಲ್ಲೇ ಎರಡು ಪ್ಲೇಟಿನ ಪಿನ್ನುಗಳನ್ನು ಒಂದು ತಂತಿಯಿಂದ ಸೇರಿಸಿ ಮತ್ತೆ ಆನ್ ಮಾಡಿದೆ. ಚುಕ್ಕೆ ನೇರ ಅಡ್ಡಗುರುತಿಗೆ ಬಂದು ಕೂತಿತು. ಅಲ್ಲಿಗೆ ದೋಷ ಪ್ಯಾನಲಿಗೂ ಸಾಕೆಟಿಗೂ ನಡುವೆ.

ಆ ಜಾಗದಲ್ಲಿ ಇರೋದು ಪ್ರತಿ ಪ್ಲೇಟಿಗೂ ಒಂದೊಂದು 1 ಮೆಗಾಓಮ್ ರೆಸಿಸ್ಟರ್, ಆಮೇಲೆ ಸಾಕೆಟ್. ರೆಸಿಸ್ಟರ್ ಅಳೆದೆ, ಎರಡೂ ಸರಿ. ಸಾಕೆಟನ್ನು ಟಾರ್ಚ್ ಹಾಕಿ ನೋಡಿದೆ. ಪಿನ್ನುಗಳ ನಡುವೆ ವರ್ಷಗಟ್ಟಲೆಯ ಧೂಳು, ಮಳೆಗಾಲದ ತೇವಕ್ಕೆ ಹಸಿ ಹಿಟ್ಟಿನ ಹಾಗೆ ಹತ್ತಿಕೊಂಡಿತ್ತು. ಕೆಳಗಿನ ಪ್ಲೇಟಿನ ಪಿನ್ನಿನ ಪಕ್ಕದಲ್ಲೇ ಫೋಕಸ್ ಪಿನ್, ಅದು ಮೈನಸ್ 700 ವೋಲ್ಟಿನಲ್ಲಿದೆ. ಅಲ್ಲಿಂದ 11 ಮೈಕ್ರೋಆಂಪಿಯರ್ ಸೋರಿದರೆ ಸಾಕು, 1 ಮೆಗಾಓಮಿನ ಮೇಲೆ 11 ವೋಲ್ಟು. ಕೆಳಗಿನ ಪ್ಲೇಟು ಮೈನಸ್ ಆಗುತ್ತದೆ, ಎಲೆಕ್ಟ್ರಾನನ್ನು ಮೇಲಕ್ಕೆ ತಳ್ಳುತ್ತದೆ. ದಿಕ್ಕೂ ಹೊಂದಿತು, ಅಳತೆಯೂ ಹೊಂದಿತು.

ಇಂಥ ಸೋರಿಕೆ ಮಲ್ಟಿಮೀಟರಿಗೆ ಸಿಗಲ್ಲ. 11 ಮೈಕ್ರೋಆಂಪಿಯರ್ ಅಂದರೆ ಸೋರುವ ದಾರಿಯ ರೆಸಿಸ್ಟೆನ್ಸ್ 60 ಮೆಗಾಓಮಿನ ಮೇಲೆ. ನಮ್ಮ ಮೀಟರಿನ ಓಮ್ ಅಳತೆ 20 ಮೆಗಾಓಮಿಗೇ ಮುಗಿಯುತ್ತದೆ. ಪಿನ್ನಿನಿಂದ ಪಿನ್ನಿಗೆ ಇಟ್ಟರೆ "ಸಂಪರ್ಕ ಇಲ್ಲ" ಅನ್ನುತ್ತದೆ. ಹಾಗಾಗಿ ಬೇರೆ ದಾರಿ ಹಿಡಿದೆ. ಹಾಸ್ಟೆಲಿನ ಹುಡುಗಿಯೊಬ್ಬಳಿಂದ ಹೇರ್ ಡ್ರೈಯರ್ ತರಿಸಿದೆ. ಆಫ್ ಮಾಡಿದ ಡಬ್ಬದ ಸಾಕೆಟಿಗೆ ಹತ್ತು ನಿಮಿಷ ಬೆಚ್ಚನೆ ಗಾಳಿ. ಆನ್ ಮಾಡಿದರೆ ಚುಕ್ಕೆ 1 ಮಿ.ಮೀ.ಗೆ ಇಳಿದಿತ್ತು. ಒಂದು ಗಂಟೆ ಬಿಟ್ಟು ನೋಡಿದರೆ ಮತ್ತೆ 2. ಇದಕ್ಕಿಂತ ಸಾಕ್ಷಿ ಬೇಕಾ?

ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಅದ್ದಿ ಸಾಕೆಟ್ ತಿಕ್ಕಿ, ಪೂರ್ತಿ ಒಣಗಿಸಿ ಹಾಕಿದೆವು. ಸೊನ್ನೆ ವೋಲ್ಟಿಗೆ ಚುಕ್ಕೆ ಗುರುತಿನ ಮೇಲೆಯೇ. 20ಕ್ಕೆ ಮೇಲೆ 6.5, ಕೆಳಗೆ 6.5. ಕಾಂತ ವಾಪಸ್ ತಂದು ಪೂರ್ತಿ ಪ್ರಯೋಗ ಮಾಡಿದರೆ 1.85. ಪುಸ್ತಕಕ್ಕಿಂತ ಶೇಕಡ 5 ಜಾಸ್ತಿ. ಈ 5 ಹೋಗಲ್ಲ, ಹುಡುಕಬೇಡಿ. ಸೂತ್ರ ಬರೆಯುವಾಗ ಕಾಂತಕ್ಷೇತ್ರ ಪ್ಲೇಟುಗಳ ನಡುವೆ ಮಾತ್ರ ಇದೆ ಅಂದುಕೊಳ್ಳುತ್ತೇವೆ. ದಂಡಕಾಂತದ ಕ್ಷೇತ್ರ ಹಾಗೆ ಬೇಲಿ ಹಾಕಿಕೊಂಡು ನಿಲ್ಲಲ್ಲ, ಆಚೆಗೂ ಹರಡಿರುತ್ತದೆ. ಬಾಗಿಸುವ ದಾರಿ ಉದ್ದ ಆಗೋದರಿಂದ ಕಮ್ಮಿ ಕ್ಷೇತ್ರವೇ ಸಾಕಾಗುತ್ತದೆ, ಉತ್ತರ ಮೇಲೇರುತ್ತದೆ. 1897ರಲ್ಲಿ ಜೆ. ಜೆ. ಥಾಮ್ಸನ್ ಕೇಂಬ್ರಿಜ್‌ನಲ್ಲಿ ಈ ಪ್ರಯೋಗ ಮಾಡಿದಾಗ ಅವರಿಗೆ ಸಿಕ್ಕಿದ್ದು ಈಗಿನ ಬೆಲೆಯ ಅರ್ಧದ ಆಸುಪಾಸು. ವೈವಾದಲ್ಲಿ ಧೈರ್ಯವಾಗಿ 1.85 ಅನ್ನಿ.

ಬಾಗುವುದೇ ಕಮ್ಮಿಯಾದರೆ

ನಮ್ಮದು ಪಕ್ಕಕ್ಕೆ ತಳ್ಳುವ ದೋಷ. ಎರಡೂ ಕಡೆ ಸಮನಾಗಿ ಕಮ್ಮಿ ಬಾಗುತ್ತಿದ್ದರೆ ಬೇರೆ ದಾರಿ.

ಮೊದಲು ಆನೋಡ್ ವೋಲ್ಟೇಜು ನಿಜವಾಗಿ ಎಷ್ಟಿದೆ ಅಂತ ನೋಡಿ. ಇಲ್ಲಿ ಮೀಟರೇ ಮೋಸ ಮಾಡಬಹುದು. 10 ಮೆಗಾಓಮಿನ ಮೀಟರನ್ನು ಕೆಲವು ಮೆಗಾಓಮಿನ ರೆಸಿಸ್ಟರ್ ಸರಪಳಿಗೆ ಸೇರಿಸಿದರೆ ಮೀಟರೇ ವೋಲ್ಟೇಜನ್ನು ಎಳೆದು ಇಳಿಸುತ್ತದೆ. 1000 ಇರುವುದು 850 ಅಂತ ಓದಬಹುದು. ನೀವು 850 ಹಾಕಿ ಲೆಕ್ಕ ಮಾಡುತ್ತೀರಿ, ಚುಕ್ಕೆ 1000ಕ್ಕೆ ತಕ್ಕಂತೆ ಕಮ್ಮಿ ಬಾಗುತ್ತದೆ. ಮೀಟರ್ ಮುಟ್ಟಿಸಿದ ಕೂಡಲೇ ಚುಕ್ಕೆ ದಪ್ಪಗಾದರೆ ಅಥವಾ ಜಾಗ ಬಿಟ್ಟರೆ ಇದೇ ಕಾರಣ.

ಎರಡನೆಯದು ಟ್ಯೂಬಿನೊಳಗೆ ಗಾಳಿ ಸೇರಿರೋದು. ಇದಕ್ಕೆ ಒಳ್ಳೇ ಇತಿಹಾಸ ಇದೆ. 1883ರಲ್ಲಿ ಹೈನ್‌ರಿಕ್ ಹರ್ಟ್ಸ್ ಕ್ಯಾಥೋಡ್ ಕಿರಣವನ್ನು ಪ್ಲೇಟುಗಳ ನಡುವೆ ಹಾಯಿಸಿ ನೋಡಿದರು, ಬಾಗಲೇ ಇಲ್ಲ. ಕಿರಣಕ್ಕೆ ಆವೇಶ ಇಲ್ಲ ಅಂದುಕೊಂಡರು. ದೋಷ ಇದ್ದದ್ದು ನಿರ್ವಾತದಲ್ಲಿ. ಉಳಿದಿದ್ದ ಅನಿಲವನ್ನು ಕಿರಣವೇ ಅಯಾನು ಮಾಡುತ್ತಿತ್ತು, ಅವು ಪ್ಲೇಟುಗಳ ಸುತ್ತ ನೆರೆದು ಕ್ಷೇತ್ರವನ್ನೇ ಮುಚ್ಚಿಬಿಡುತ್ತಿದ್ದವು. ಥಾಮ್ಸನ್ ಇನ್ನಷ್ಟು ಚೆನ್ನಾಗಿ ಗಾಳಿ ತೆಗೆದರು, ಕಿರಣ ಬಾಗಿತು. ಅಷ್ಟು ದೊಡ್ಡವರೇ ದೋಷ ಇದ್ದ ಟ್ಯೂಬನ್ನು ನಂಬಿದ್ದರು. ನಿಮ್ಮ ಟ್ಯೂಬಿಗೆ ಗಾಳಿ ಸೇರಿದೆಯಾ ಅಂತ ತಿಳಿಯೋಕೆ ಗಾಜಿನ ಒಳಗೋಡೆಯ ಬೆಳ್ಳಿ ಬಣ್ಣದ ಲೇಪ ನೋಡಿ. ಅದಕ್ಕೆ ಗೆಟರ್ ಅನ್ನುತ್ತಾರೆ. ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಸರಿ. ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಆ ಟ್ಯೂಬಿನ ಆಸೆ ಬಿಡಿ.

ಮೂರನೆಯದು "ಏಕರೂಪ" ಅನ್ನುವ ಪದ. ಕ್ಷೇತ್ರ ಪ್ಲೇಟಿನ ಅಂಚಿನಲ್ಲಿ ಚಾಕುವಿನಲ್ಲಿ ಕತ್ತರಿಸಿದ ಹಾಗೆ ನಿಲ್ಲಲ್ಲ, ಹೊರಗೆ ಉಬ್ಬಿರುತ್ತದೆ. ಕಿರಣ ತಾಗದಿರಲಿ ಅಂತ ಎಷ್ಟೋ ಟ್ಯೂಬಿನಲ್ಲಿ ಪ್ಲೇಟಿನ ಕೊನೆಯನ್ನು ಹೊರಕ್ಕೆ ಬಗ್ಗಿಸಿಯೂ ಇರುತ್ತಾರೆ. ಗಾಜಿನ ಹೊರಗಿಂದ ಸ್ಕೇಲ್ ಹಿಡಿದು ಅಳೆದ ಉದ್ದ, ಅಂತರ ಎರಡನ್ನೂ ನಂಬಬೇಡಿ. ಟ್ಯೂಬಿನ ಜೊತೆ ಕೊಟ್ಟ ಅಳತೆಯನ್ನೇ ಹಾಕಿ.

ಉಳಿದವು, ಬೇಗ ಬೇಗ

ಚುಕ್ಕೆ ನಿಧಾನವಾಗಿ ತೇಲುತ್ತಿದೆ, ಕೈ ಹತ್ತಿರ ತಂದರೆ ಜರುಗುತ್ತದೆ: ಯಾವುದೋ ಪ್ಲೇಟಿನ ತಂತಿ ಬಿಟ್ಟಿದೆ. ಅಲೆಮಾರಿ ಎಲೆಕ್ಟ್ರಾನುಗಳು ಅದರ ಮೇಲೆ ಕೂಡುತ್ತಿವೆ. ಬೆಸುಗೆ ನೋಡಿ.

ಚುಕ್ಕೆ ಇರಬೇಕಾದ ಕಡೆ ಪುಟ್ಟ ಗೆರೆ: ಎಲ್ಲಿಂದಲೋ 50 ಹರ್ಟ್ಸ್ ಸೇರಿದೆ. ಪ್ಲೇಟುಗಳನ್ನು ಸಾಕೆಟಿನಲ್ಲೇ ಶಾರ್ಟ್ ಮಾಡಿ. ಗೆರೆ ಹೋದರೆ ಪ್ಲೇಟಿನ ಸಪ್ಲೈಯಲ್ಲಿ ಫಿಲ್ಟರ್ ಕೆಪಾಸಿಟರ್ ಒಣಗಿದೆ. ಹೋಗದಿದ್ದರೆ ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರೋ ಸ್ಟೆಬಿಲೈಸರೋ ಇದೆ, ದೂರ ಸರಿಸಿ.

ಬೆಳಿಗ್ಗೆ 6.5, ಸಂಜೆ 7.2: ಕರೆಂಟು ಇಳಿದಿದೆ. ಹಳೇ ಕಿಟ್ಟುಗಳಲ್ಲಿ ಹೈ ವೋಲ್ಟೇಜಿಗೆ ರೆಗ್ಯುಲೇಟರ್ ಇರಲ್ಲ. ಮನೆ ಕರೆಂಟು ಶೇಕಡ 10 ಇಳಿದರೆ ಆನೋಡೂ ಅಷ್ಟೇ ಇಳಿಯುತ್ತದೆ, ಚುಕ್ಕೆ ಶೇಕಡ 11 ಜಾಸ್ತಿ ಬಾಗುತ್ತದೆ. ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿತ್ತು ಅಂತ ಹೆಮ್ಮೆ ಪಡುತ್ತೇವೆ. ಲ್ಯಾಬಿಗೆ ಮಾತ್ರ ಇನ್ನೂ ಸ್ಟೆಬಿಲೈಸರ್ ಬೇಕು, ಅದನ್ನೂ ಡಬ್ಬದಿಂದ ಎರಡು ಮೀಟರ್ ದೂರ ಇಡಬೇಕು.

ಚುಕ್ಕೆಯೇ ಇಲ್ಲ: ಹತ್ತರಲ್ಲಿ ಎಂಟು ಸಲ ಯಾರೋ ಪ್ಲೇಟಿನ ನಾಬನ್ನು ಕೊನೆವರೆಗೆ ತಿರುಗಿಸಿಟ್ಟಿರುತ್ತಾರೆ, ಚುಕ್ಕೆ ಪರದೆಯ ಆಚೆ ಇರುತ್ತದೆ. ಅದು ಅಲ್ಲವಾದರೆ ಟ್ಯೂಬಿನ ಕುತ್ತಿಗೆಯಲ್ಲಿ ಫಿಲಮೆಂಟ್ ಕೆಂಪಗಿದೆಯಾ ನೋಡಿ. ಇಂಟೆನ್ಸಿಟಿಯನ್ನು ಪೂರ್ತಿ ಏರಿಸಿ ಹುಡುಕಬೇಡಿ, ಸಿಕ್ಕ ಕ್ಷಣವೇ ಅದು ಪರದೆಯಲ್ಲಿ ಕಪ್ಪು ಕಲೆ ಸುಡುತ್ತದೆ. ನಮ್ಮ ಟ್ಯೂಬಿನಲ್ಲಿ ಅಂಥವು ಈಗಾಗಲೇ ಎರಡಿವೆ.

ಸಾಕೆಟಿನ ಹಿಂದೆ ಈಗ ಸಿಲಿಕಾ ಜೆಲ್ ಪೊಟ್ಟಣ ಕಟ್ಟಿದ್ದೇವೆ, ಪ್ರತಿ ಜೂನ್‌ನಲ್ಲಿ ಬದಲಾಯಿಸುತ್ತೇವೆ. ಡಬ್ಬದ ಮುಚ್ಚಳದ ಮೇಲೆ ಆ ಹುಡುಗನೇ ಮಾರ್ಕರಿನಲ್ಲಿ ಬರೆದು ಅಂಟಿಸಿದ ಚೀಟಿ ಇದೆ: "ಕಾಂತ ಇಡೋಕೆ ಮುಂಚೆ ಸೊನ್ನೆ ವೋಲ್ಟಿಗೆ ಚುಕ್ಕೆ ಎಲ್ಲಿದೆ ಬರ್ಕೊಳಿ. ಆಮೇಲೆ ಎರಡೂ ಕಡೆ ಬಾಗ್ಸಿ."